ಒದ್ದೆ ಚಕ್ರ

“ತಪ್ಪು ಮಾಡಿದವರನ್ನು ಮನಸಾರೆ ಕ್ಷಮಿಸುವುದು ಹೇಗೆ, ಬುದ್ಧಿ?”

ಶಿಷ್ಯ ಮರುಳಯ್ಯ ಹೀಗೆ ಕೇಳಿದಾಗ ಮಠದಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಮುಗಿದಿತ್ತು ಎನ್ನುವುದಕ್ಕಿಂತ ಕೆಟ್ಟಿತ್ತು ಎನ್ನಬೇಕು. ಗುರುಗಳು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಹಿಂದಿನ ದಿನ ಬಿದ್ದ ಅಕಾಲದ ಮಳೆಗೆ ಅಂಗಳ ಇನ್ನೂ ಆರಿರಲಿಲ್ಲ.

“ಯಾರು ಏನು ತಪ್ಪು ಮಾಡಿದರಪ್ಪ?”

“ಇನ್ನಾರು ಬುದ್ಧಿ, ಅಡುಗೆ ಈರಮ್ಮ. ಇವತ್ತು ಅನ್ನಕ್ಕೆಲ್ಲ ಹೊಗೆ ವಾಸನೆ. ಬೇಳೆ ಬೆಂದೇ ಇರಲಿಲ್ಲ. ದೂರದಿಂದ ಬಂದ ಭಕ್ತರು ಎಲೆಯಲ್ಲಿ ಅರ್ಧಕ್ಕರ್ಧ ಬಿಟ್ಟು ಎದ್ದರು. ನನಗೆ ಮೈ ಉರಿದುಹೋಯಿತು. ಪಂಕ್ತಿಯೆದುರೇ ನಾಲ್ಕು ಮಾತು ಅಂದುಬಿಟ್ಟೆ.”

“ಅವಳೇನೆಂದಳು?”

“ಏನೋ ಹೇಳಲು ಬಾಯಿ ತೆರೆದಳು. ಸಾಕು, ನಡಿ ಒಳಗೆ ಎಂದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ಆಮೇಲೆ ನನಗೂ ಪಾಪ ಅನ್ನಿಸಿತು. ವಯಸ್ಸಾದವಳು, ಹೋಗಲಿ, ಕ್ಷಮಿಸಿಬಿಡೋಣ ಅಂದುಕೊಂಡೆ. ಆದರೆ ಒಳಗೊಳಗೇ ಇನ್ನೂ ಕುದಿಯುತ್ತಿದೆ. ಮನಸಾರೆ ಕ್ಷಮಿಸಲು ಆಗುತ್ತಿಲ್ಲ. ಅದಕ್ಕೇ ಕೇಳಿದೆ.”

ಗುರುಗಳು ಶಿಷ್ಯನನ್ನು ಮೇಲಿನಿಂದ ಕೆಳಗೆ ನೋಡಿದರು. ಮಠದ ಉಗ್ರಾಣ, ನೀರು, ಸೌದೆ ಎಲ್ಲವೂ ಅವನ ಉಸ್ತುವಾರಿ. ಬೆಳಗಿನಿಂದ ಒಂದೇ ಸಮನೆ ಓಡಾಡಿದ್ದ. ಹೆಗಲ ಮೇಲಿನ ವಸ್ತ್ರಕ್ಕೆ ತೊಗಟೆಯ ಚೂರುಗಳು ಅಂಟಿಕೊಂಡಿದ್ದವು.

“ಕ್ಷಮಿಸುವುದನ್ನು ಕಲಿಯಬೇಕೇ? ಒಳ್ಳೆಯದು. ಅದರಲ್ಲಿ ಪಳಗಿದವನೊಬ್ಬನ ಕತೆ ಹೇಳುತ್ತೇನೆ, ಕೂತುಕೋ. ನಡುವೆ ಬಾಯಿ ಹಾಕಬೇಡ.”

ಮರುಳಯ್ಯ ಮೆಟ್ಟಿಲ ಮೇಲೆ ಕೂತ. ಗುರುಗಳು ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಹೆಸರು ನಮಗೆ ಬೇಡ. ಅದು ಸ್ಟುಡಿಯೋದ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿತ್ತು, ಊರಿಗೆಲ್ಲ ಗೊತ್ತಿತ್ತು. ಹೆಂಡತಿಯ ಹೆಸರು ಎಲ್ಲೂ ಬರೆದಿರಲಿಲ್ಲ. ಆದ್ದರಿಂದ ಅದನ್ನು ನಾನು ಹೇಳುತ್ತೇನೆ. ಸರ್ವಮಂಗಳ.

ಆಗ ಫೋನಿನಲ್ಲಿ ಫೋಟೋ ತೆಗೆಯುವ ಕಾಲವಲ್ಲ. ಕ್ಯಾಮೆರಾದೊಳಗೆ ಫಿಲ್ಮು ಹಾಕಬೇಕು. ತೆಗೆದ ಮೇಲೆ ಆ ಫಿಲ್ಮನ್ನು ಔಷಧದಲ್ಲಿ ತೊಳೆಯಬೇಕು. ತೊಳೆಯುವುದಕ್ಕೆ ಮೊದಲು ಒಂದು ಕೆಲಸವಿದೆ. ಉದ್ದನೆಯ ಫಿಲ್ಮನ್ನು ಅಂಗೈಯಗಲದ ಒಂದು ಪ್ಲಾಸ್ಟಿಕ್ ಚಕ್ರಕ್ಕೆ ಏರಿಸಬೇಕು. ಚಕ್ರದೊಳಗೆ ಚಕ್ಕುಲಿಯ ಹಾಗೆ ಸುತ್ತಿಕೊಂಡ ಸಣ್ಣ ಸಂದು ಇರುತ್ತದೆ. ಫಿಲ್ಮು ಆ ಸಂದಿನಲ್ಲೇ ಸುತ್ತುತ್ತ ಒಳಗೆ ಹೋಗಬೇಕು. ಒಂದು ಸುತ್ತು ಇನ್ನೊಂದು ಸುತ್ತಿಗೆ ತಾಗಕೂಡದು. ತಾಗಿದರೆ ಅಲ್ಲಿಗೆ ಔಷಧ ಇಳಿಯುವುದಿಲ್ಲ, ಅಲ್ಲಿದ್ದ ಚಿತ್ರ ಹೋದಂತೆಯೇ. ಏರಿಸಿದ ಚಕ್ರವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿಯುವವರೆಗೆ ಎಲ್ಲವೂ ಕಗ್ಗತ್ತಲಲ್ಲಿ ನಡೆಯಬೇಕು. ಒಂದು ಗೆರೆ ಬೆಳಕು ಬಿದ್ದರೂ ಕತೆ ಮುಗಿಯಿತು. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ, ಎಲ್ಲ ಬೆರಳಿನದೇ ಕಾರುಬಾರು.

ಫೋಟೋಗ್ರಾಫರಿಗೆ ಕಣ್ಣು ಚೆನ್ನಾಗಿತ್ತು, ಬೆರಳು ಚೆನ್ನಾಗಿರಲಿಲ್ಲ. ಅಂಗೈ ಬೆವರುತ್ತಿತ್ತು. ತಾಳ್ಮೆಯಂತೂ ಕೇಳಲೇಬೇಡ. ಮದುವೆಯಾದ ಹೊಸದರಲ್ಲಿ ಒಂದು ದಿನ ಹೆಂಡತಿ ಬತ್ತಿ ಹೊಸೆಯುವುದನ್ನು ನೋಡಿದ. ಅವಳು ಎಲ್ಲೋ ನೋಡುತ್ತ, ಪಕ್ಕದ ಮನೆಯವಳ ಜೊತೆ ಮಾತಾಡುತ್ತ ಹೊಸೆಯುತ್ತಿದ್ದಳು. ಬತ್ತಿಗಳೆಲ್ಲ ಒಂದೇ ಸಮ. ‘ಇವಳೇ, ಬಾ ಇಲ್ಲಿ, ನಿನಗೊಂದು ಕೆಲಸ ಕಲಿಸುತ್ತೇನೆ’ ಎಂದ.

ಹಾಳಾದ ಫಿಲ್ಮಿನ ತುಂಡೊಂದನ್ನು ಕೊಟ್ಟು ಮೊದಲು ಬಿಸಿಲಲ್ಲಿ ಕೂರಿಸಿ ಕಲಿಸಿದ. ಆಮೇಲೆ ಕಣ್ಣು ಮುಚ್ಚಿಸಿ ಕಲಿಸಿದ. ಚಕ್ರದ ಬಾಯಿ ಎಲ್ಲಿದೆಯೆಂದು ಬೆರಳಿನಿಂದ ಹುಡುಕುವುದು, ಫಿಲ್ಮಿನ ತುದಿಯನ್ನು ಕತ್ತರಿಯಿಂದ ಸವರಿ ಒಳಗೆ ತೂರಿಸುವುದು, ಆಮೇಲೆ ಚಕ್ರದ ಎರಡು ಬದಿಗಳನ್ನು ಹಿಂದೆ ಮುಂದೆ ಆಡಿಸುತ್ತ ಫಿಲ್ಮನ್ನು ಒಳಕ್ಕೆ ಎಳೆದುಕೊಳ್ಳುವುದು. ‘ಫಿಲ್ಮು ನಡುವೆ ಎಲ್ಲಾದರೂ ಹಿಡಿದುಕೊಂಡರೆ ಜೋರು ಮಾಡಬೇಡ. ಅಂಚು ಬಿಟ್ಟು ಬೇರೆಲ್ಲೂ ಮುಟ್ಟಬೇಡ. ಚಕ್ರ ಒದ್ದೆಯಾಗಿದ್ದರೆ ಫಿಲ್ಮು ಬಿಚ್ಚಲೇ ಬೇಡ. ಒಂದು ಹನಿ ನೀರಿದ್ದರೂ ಅದು ಅಲ್ಲೇ ಅಂಟಿಕೊಂಡು ಮುಂದಕ್ಕೆ ಹೋಗುವುದಿಲ್ಲ’ ಎಂದು ಹೇಳಿಕೊಟ್ಟ. ಇದನ್ನು ನೆನಪಿಟ್ಟುಕೋ ಮರುಳಯ್ಯ, ಹೇಳಿಕೊಟ್ಟವನು ಅವನೇ.

ಮನೆಯ ನಡುವೆ ಕಿಟಕಿಯಿಲ್ಲದ ಒಂದು ಉಗ್ರಾಣವಿತ್ತು. ರಾಗಿ ಚೀಲಗಳ ನಡುವೆ ಒಂದು ಮಣೆ. ತೊಳೆಯುವ ಫಿಲ್ಮು ಇದ್ದ ದಿನ ಸರ್ವಮಂಗಳ ಬಳೆಗಳನ್ನು ಮೊಣಕೈಯವರೆಗೆ ಏರಿಸಿ, ಜಾರದ ಹಾಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದಳು. ಗಂಡ ಹೊರಗಿನಿಂದ ಬಾಗಿಲೆಳೆದು ಸಂದುಗಳಿಗೆಲ್ಲ ಕಂಬಳಿ ತುರುಕುತ್ತಿದ್ದ. ‘ಆಯಿತಾ?’ ಎಂದು ಹೊರಗಿನಿಂದ ಕೇಳುತ್ತಿದ್ದ. ‘ಆಯಿತು, ತೆಗೀರಿ’ ಎಂದು ಅವಳು ಹೇಳುವವರೆಗೆ ಬಾಗಿಲು ಮುಟ್ಟುತ್ತಿರಲಿಲ್ಲ. ಉಳಿದದ್ದೆಲ್ಲ ಅವನ ಕೆಲಸ. ಔಷಧ ಕಲಸುವುದು, ಫಿಲ್ಮು ತೊಳೆಯುವುದು, ಕೊನೆಗೆ ಚಕ್ರವನ್ನು ನಲ್ಲಿಯಡಿ ತೊಳೆದು ಒಣಗಲು ಇಡುವುದು.

ಅವಳು ಏರಿಸಿದ ಫಿಲ್ಮು ಒಂದೂ ಕೆಟ್ಟದ್ದಿಲ್ಲ. ಊರಿನವರು ಫೋಟೋ ನೋಡಿ ‘ಏನು ಕೈ ಸ್ವಾಮಿ ನಿಮ್ಮದು!’ ಎಂದು ಗಂಡನನ್ನು ಹೊಗಳುತ್ತಿದ್ದರು. ಅವಳು ಒಳಗೆ ಕಾಫಿ ಸೋಸುತ್ತ ನಗುತ್ತಿದ್ದಳು. ಸುಖವಾಗಿದ್ದರು. ಅದನ್ನು ಇಲ್ಲವೆನ್ನಬಾರದು.

ಅವರಿಗೊಂದು ಹೆಣ್ಣುಮಗು ಹುಟ್ಟಿತು. ಊರ ಮಕ್ಕಳನ್ನೆಲ್ಲ ಕುರ್ಚಿಯ ಮೇಲೆ ಕೂರಿಸಿ, ಗಿಲಕಿ ಆಡಿಸಿ ಫೋಟೋ ತೆಗೆದವನಿಗೆ ಸ್ವಂತ ಮಗುವಿನ ಫೋಟೋ ತೆಗೆಯಲು ಪುರುಸೊತ್ತಿಲ್ಲ. ‘ಮನೆಯಲ್ಲೇ ಇರುತ್ತಾಳಲ್ಲ, ಎಲ್ಲಿ ಓಡಿಹೋಗುತ್ತಾಳೆ?’ ಎನ್ನುತ್ತಿದ್ದ. ಅವಳು ಕಾಡಿದಳು, ಬೇಡಿದಳು. ಮಗು ಹೆಜ್ಜೆಯಿಡಲು ಕಲಿತಾಗ ಅಂತೂ ಒಂದು ದಿನ ತೆಗೆದ. ಅಂಗಳದಲ್ಲಿ ಬಿಟ್ಟು, ಒಂದರ ಮೇಲೊಂದು, ಇಡೀ ಫಿಲ್ಮು ಮುಗಿಯುವವರೆಗೆ. ಮಗು ತಲೆಯ ಮೇಲಿನ ಕುಲಾವಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ನಗುತ್ತಿತ್ತು. ಆ ಫಿಲ್ಮು ತೊಳೆಯಲೂ ಪುರುಸೊತ್ತಾಗಲಿಲ್ಲ. ಗಿರಾಕಿಗಳದು ಮೊದಲು, ಮನೆಯದು ಆಮೇಲೆ.

ಅಷ್ಟರಲ್ಲಿ ಮಗುವಿಗೆ ಜ್ವರ ಬಂತು. ಹೋಗಿಬಿಟ್ಟಿತು.

ಇಂಥದ್ದನ್ನು ಉದ್ದ ಮಾಡಿ ಹೇಳಬಾರದು. ಹೋಗಿಬಿಟ್ಟಿತು, ಅಷ್ಟೇ.

ಅವನು ಮತ್ತೆ ಸ್ಟುಡಿಯೋ ಬಾಗಿಲು ತೆಗೆದ. ಕೆಲಸ ಮಾಡದೆ ಇರಲಾಗಲಿಲ್ಲ. ಒಂದು ದಿನ ಯಾರದೋ ಮದುವೆಯ ಫಿಲ್ಮು ತೊಳೆದು, ಚಕ್ರವನ್ನು ನಲ್ಲಿಯಡಿ ಹಿಡಿದಿದ್ದಾಗ ಇದ್ದಕ್ಕಿದ್ದ ಹಾಗೆ ಮಗುವಿನ ಫಿಲ್ಮು ನೆನಪಾಯಿತು. ನೆನಪಾದದ್ದೇ ತಡ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಗುವಿನ ಮುಖ ನೋಡಬೇಕು. ಈಗಲೇ ನೋಡಬೇಕು. ಚಕ್ರವನ್ನು ಜೋರಾಗಿ ಕೊಡವಿದ. ಫಿಲ್ಮಿನ ಜೊತೆ ಅದನ್ನೂ ಹೆಂಡತಿಯ ಕೈಗಿಟ್ಟ.

‘ತಗೋ. ಬೇಗ.’

ಅವಳು ಮರುಮಾತಾಡಲಿಲ್ಲ. ಅವಳಿಗೂ ಆ ಮುಖ ಬೇಕಿತ್ತು. ಬಳೆ ಏರಿಸಿಕೊಂಡು ಒಳಗೆ ಹೋದಳು. ಅವನು ಕಂಬಳಿ ತುರುಕಿ ಬಾಗಿಲಿಗೆ ಕಿವಿ ಹಚ್ಚಿ ನಿಂತ.

ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಅವಳ ದನಿ ಬಂತು. ‘ರೀ, ಹಿಡಿದುಕೊಳ್ಳುತ್ತಿದೆ.’

‘ಅಳಬೇಡ. ಅತ್ತರೆ ಕೈ ನಡುಗುತ್ತದೆ.’

‘ಅಳುತ್ತಿಲ್ಲ ರೀ. ಮುಂದಕ್ಕೆ ಹೋಗುತ್ತಿಲ್ಲ.’

‘ಕಣ್ಣೊರೆಸಿಕೊಂಡು ಸಮಾಧಾನವಾಗಿ ಮಾಡೇ ತಾಯಿ!’

 ಬಿಚ್ಚಿದ ಫಿಲ್ಮನ್ನು ಕೈಯಲ್ಲಿ ಹಿಡಿದುಕೊಂಡವಳು ಹೊರಗೆ ಬರುವ ಹಾಗಿಲ್ಲ, ಹೊರಗಿದ್ದವನು ಒಳಗೆ ಹೋಗುವ ಹಾಗಿಲ್ಲ. ಕೊನೆಗೆ ‘ತೆಗೀರಿ’ ಎಂದಳು. ‘ಆಯಿತು’ ಎನ್ನಲಿಲ್ಲ.

ತೊಳೆದು ಬೆಳಕಿಗೆ ಹಿಡಿದು ನೋಡಿದ. ಅಂಗಳದ ಕಲ್ಲು ಬಂದಿತ್ತು. ಮಗುವಿನ ಕಾಲು, ಕಾಲಿನ ಗೆಜ್ಜೆ ಬಂದಿತ್ತು. ಒಂದರಲ್ಲಿ ಕುಲಾವಿ ಹಿಡಿದ ಪುಟ್ಟ ಕೈ ಬಂದಿತ್ತು. ಮುಖ ಇರಬೇಕಾದಲ್ಲೆಲ್ಲ ಹಾಲು ಚೆಲ್ಲಿದ ಹಾಗೆ ಮಬ್ಬು ಕಲೆ. ಫಿಲ್ಮು ಫಿಲ್ಮಿಗೆ ಅಂಟಿಕೊಂಡು ಔಷಧ ಇಳಿದಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ನೋಡಿದ, ಮತ್ತೆ ಕೊನೆಯಿಂದ ಮೊದಲಿನವರೆಗೆ ನೋಡಿದ. ಒಂದೇ ಒಂದು ಮುಖ ಇರಲಿಲ್ಲ.

ಹೊಸ್ತಿಲ ಮೇಲೆ ಕೂತು ಗೊಳೋ ಎಂದು ಅತ್ತ. ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಅತ್ತು ಮುಗಿದ ಮೇಲೆ ಅವನು ಮುಖ ಒರೆಸಿಕೊಂಡು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟ.

‘ಹೋಗಲಿ ಬಿಡು. ಹೆತ್ತ ಕರುಳು, ತಡೆಯಲಾರದೆ ಅತ್ತುಬಿಟ್ಟಿದ್ದೀಯೆ. ಕೈ ನಡುಗಿದೆ. ನಾನು ನಿನ್ನನ್ನು ಕ್ಷಮಿಸಿದ್ದೇನೆ.’

‘ನಾನು ಒಳಗೆ ಅಳಲಿಲ್ಲ ರೀ. ಆ ಚಕ್ರ…’

‘ಕ್ಷಮಿಸಿದೆ ಅಂದೆನಲ್ಲ! ಇನ್ನು ಆ ಮಾತೇ ಬೇಡ.’

ಅವನದು ನಾಟಕವಲ್ಲ ಮರುಳಯ್ಯ. ಬೇರೆ ಗಂಡಸಾಗಿದ್ದರೆ ಹೊಡೆಯುತ್ತಿದ್ದ, ತವರಿಗೆ ಅಟ್ಟುತ್ತಿದ್ದ. ಇವನು ಒಂದು ಕೆಟ್ಟ ಮಾತೂ ಆಡಲಿಲ್ಲ. ನೀನು ಈಗ ಕೇಳಿದೆಯಲ್ಲ, ಮನಸಾರೆ ಎಂದು, ಹಾಗೇ ಕ್ಷಮಿಸಿದ.

ಕ್ಷಮಿಸಿದ ಮೇಲೆ ಸುಮ್ಮನಿದ್ದನೇ? ಅದೂ ಇಲ್ಲ. ಮನೆಗೆ ಬಂದ ನೆಂಟರು ‘ಮಗುವಿನದೊಂದು ಫೋಟೋನೂ ಇಲ್ಲವೇ, ನೀವೇ ಫೋಟೋಗ್ರಾಫರು’ ಎಂದರೆ ನಿಟ್ಟುಸಿರು ಬಿಟ್ಟು ಹೇಳುತ್ತಿದ್ದ. ‘ತೆಗೆದಿದ್ದೆ. ಫಿಲ್ಮು ಏರಿಸುವಾಗ ಇವಳ ಕೈ ನಡುಗಿತು. ಪಾಪ, ನಾನೇನೂ ಅನ್ನಲಿಲ್ಲ.’ ನೆಂಟರು ಲೊಚಗುಟ್ಟುತ್ತಿದ್ದರು. ‘ಎಂಥ ಗಂಡ! ನೀನು ಪುಣ್ಯ ಮಾಡಿದ್ದೆ ಕಣಮ್ಮ’ ಎಂದು ಅವಳಿಗೆ ಹೇಳುತ್ತಿದ್ದರು. ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ದಿನ ಹೋದ ಹಾಗೆ ಅವನಿಗೆ ಮಗುವಿನ ಮುಖ ಮಸುಕಾಗತೊಡಗಿತು. ಮೂಗು ಹೇಗಿತ್ತು, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತೋ ಇಲ್ಲವೋ ಎಂದು ಒಬ್ಬನೇ ಕೂತು ನೆನೆಸಿಕೊಳ್ಳಲು ಹೆಣಗುತ್ತಿದ್ದ. ಹೆಂಡತಿಗೆ ಎಲ್ಲವೂ ಚೆನ್ನಾಗಿ ನೆನಪಿತ್ತು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಅವನು ಕೇಳಲಿಲ್ಲ. ಕೇಳಿದರೆ ಹಳೆಯ ತಪ್ಪು ನೆನಪಾಗಿ ನೊಂದುಕೊಳ್ಳುತ್ತಾಳೆ ಎಂದು ಅವನ ಎಣಿಕೆ. ಅಷ್ಟು ಒಳ್ಳೆಯವನು. ಹಾಗಾಗಿ ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಅತ್ತರು.

ಫಿಲ್ಮು ಏರಿಸುವ ಕೆಲಸವನ್ನು ಅವಳು ಬಿಡಲಿಲ್ಲ. ಒಂದು ಮಾತ್ರ ಹೊಸದಾಯಿತು. ಅವನು ತೊಳೆದಿಟ್ಟ ಚಕ್ರವನ್ನು ಅವಳು ಹಾಗೇ ಮುಟ್ಟುತ್ತಿರಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಬಿಸಿಲಿಗಿಡುತ್ತಿದ್ದಳು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡು, ಮೆತ್ತನೆಯ ಹಳೇ ಬಟ್ಟೆಯೊಂದರ ತುದಿಯನ್ನು ಸಂದಿನೊಳಗೆ ತೂರಿಸಿ, ಸುತ್ತು ಸುತ್ತಾಗಿ ಒರೆಸುತ್ತಿದ್ದಳು. ಒರೆಸಿದ ಬಟ್ಟೆಯನ್ನು ಉಗ್ರಾಣದೊಳಗೆ, ಮಣೆಯ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದಳು. ಅವನಿಗೆ ತಮಾಷೆ. ‘ಅದಕ್ಕೊಂದು ವಿಭೂತಿನೂ ಹಚ್ಚಿಬಿಡೇ’ ಎಂದು ನಗುತ್ತಿದ್ದ. ಒಂದು ಸಲ ತಪ್ಪು ಮಾಡಿದವಳು, ಅದಕ್ಕೇ ಇಷ್ಟು ಹೆದರುತ್ತಾಳೆ ಎಂದು ಒಳಗೇ ಕನಿಕರಪಡುತ್ತಿದ್ದ.

ಕಾಲ ಬದಲಾಯಿತು. ಪೇಟೆಗೆ ಹೊಸ ಕ್ಯಾಮೆರಾಗಳು ಬಂದವು. ಫಿಲ್ಮು ತೊಳೆಯುವವರು ಊರಿನಲ್ಲಿ ಯಾರೂ ಉಳಿಯಲಿಲ್ಲ. ಇವನೂ ಬಾಗಿಲು ಹಾಕಿ ಮನೆಯಲ್ಲಿ ಕೂತ. ಹಳೇ ಚಾಳಿ, ಯಾವಾಗಲಾದರೊಮ್ಮೆ ಹಳೇ ಕ್ಯಾಮೆರಾಕ್ಕೆ ಫಿಲ್ಮು ಹಾಕುತ್ತಿದ್ದ. ಅವಳು ಏರಿಸಿಕೊಡುತ್ತಿದ್ದಳು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ ಅವಳು ಕಲ್ಲಿನ ಮೇಲೆ ಕೂತು ಚಕ್ರ ಒರೆಸುತ್ತಿದ್ದಳು. ಎಳೆ ಬಿಸಿಲು ಮುಖದ ಮೇಲೆ ಬಿದ್ದಿತ್ತು. ಬೆಳಕು ಚೆನ್ನಾಗಿದೆ ಅನ್ನಿಸಿತು.

‘ಇವಳೇ, ಇತ್ತ ನೋಡು.’

ಅವಳು ನೋಡಿದಳು. ಅವನು ತೆಗೆದ.

ಅದಾಗಿ ಕೆಲವೇ ದಿನಕ್ಕೆ ಅವಳು ಹಾಸಿಗೆ ಹಿಡಿದಳು. ಏಳಲಿಲ್ಲ. ಕೊನೆಗಾಲದಲ್ಲಿ ಅವನು ತಲೆದೆಸೆಯಲ್ಲಿ ಕೂತು ಕೈ ಹಿಡಿದುಕೊಂಡಿದ್ದ. ‘ಏನೂ ಮನಸ್ಸಿನಲ್ಲಿ ಇಟ್ಟುಕೋಬೇಡ. ನನಗೆ ನಿನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲ’ ಎಂದ. ಅವಳು ಅವನನ್ನೇ ನೋಡಿದಳು. ತುಟಿ ಅಲುಗಿತು. ಏನು ಹೇಳಬೇಕೆಂದಿದ್ದಳೋ, ‘ನೀರು ಕೊಡಿ’ ಎಂದಳು. ಕುಡಿದಳು. ಹೋದಳು.

ಶಿವಗಣಾರಾಧನೆ ಮುಗಿಯಿತು. ನೆಂಟರೆಲ್ಲ ಹೊರಟರು. ಮನೆ ಖಾಲಿಯಾದ ಮೇಲೆ ಅವನಿಗೆ ಕ್ಯಾಮೆರಾದೊಳಗೆ ಉಳಿದ ಫಿಲ್ಮು ನೆನಪಾಯಿತು.  ಮಗುವಿನ ಮುಖ ಹೋಯಿತು. ಇವಳದ್ದು ಹೋಗಕೂಡದು. ಹೊರಗಿನವರ ಕೈಗೆ ಕೊಡಲು ಧೈರ್ಯ ಬರಲಿಲ್ಲ. ನಾನೇ ಏರಿಸುತ್ತೇನೆ ಎಂದು ನಿಶ್ಚಯಿಸಿದ. ಹಾಳು ಫಿಲ್ಮಿನ ತುಂಡು ಹುಡುಕಿ, ಒಂದು ಕಾಲಕ್ಕೆ ಅವಳಿಗೆ ಕಲಿಸಿದ ಹಾಗೆ ತಾನೇ ಬಿಸಿಲಲ್ಲಿ ಕೂತು ಕಲಿತ. ಕಣ್ಣು ಮುಚ್ಚಿಕೊಂಡು ಕಲಿತ. ಫಿಲ್ಮು ಸರಾಗವಾಗಿ ಏರಿತು. ಇಷ್ಟೇ ತಾನೇ ಅನ್ನಿಸಿತು.

ಮಾರನೆಯ ದಿನ ಮಧ್ಯಾಹ್ನ ಎಲ್ಲ ಅಣಿ ಮಾಡಿಕೊಂಡ. ಚಕ್ರಕ್ಕೆ ಬೆರಳಿನ ಕೊಳೆ, ಧೂಳು ಹತ್ತಿತ್ತು. ನಲ್ಲಿಯಡಿ ಹಿಡಿದು ಚೆನ್ನಾಗಿ ತೊಳೆದ. ಕೊಡವಿದ. ಉಗ್ರಾಣಕ್ಕೆ ಹೋಗಿ ಬಾಗಿಲೆಳೆದುಕೊಂಡು ಒಳಗಿನಿಂದ ಕಂಬಳಿ ತುರುಕಿದ. ಅವಳ ಮಣೆಯ ಮೇಲೆ ಕೂತ. ಫಿಲ್ಮು ಬಿಚ್ಚಿದ. ತುದಿ ಸವರಿದ. ತೂರಿಸಿದ. ಎರಡು ಸುತ್ತು ಒಳಗೆ ಹೋಯಿತು.

ಹಿಡಿದುಕೊಂಡಿತು.

ಹಿಂದಕ್ಕೆ ತೆಗೆದು ಮತ್ತೆ ತೂರಿಸಿದ. ಮತ್ತೆ ಅಲ್ಲೇ ಹಿಡಿದುಕೊಂಡಿತು. ‘ಅಯ್ಯೋ, ಹಿಡಿದುಕೊಳ್ಳುತ್ತಿದೆ’ ಎಂದು ಗಟ್ಟಿಯಾಗಿ ಅಂದ. ಬಾಗಿಲಾಚೆ ಯಾರೂ ಇರಲಿಲ್ಲ. ನಾನು ಅಳುತ್ತಿದ್ದೇನೇನೋ, ಕೈ ನಡುಗುತ್ತಿದೆಯೇನೋ ಅಂದುಕೊಂಡ. ಹೆಬ್ಬೆರಳಿನ ಹಿಂಬದಿಯಿಂದ ಕಣ್ಣು ಮುಟ್ಟಿ ನೋಡಿಕೊಂಡ. ಕಣ್ಣು ಒಣಗಿತ್ತು. ಕೈ ನಡುಗುತ್ತಿರಲಿಲ್ಲ. ಮತ್ತೇಕೆ? ಚಕ್ರದ ಸಂದಿನುದ್ದಕ್ಕೂ ಉಗುರಿನ ತುದಿ ಎಳೆದ. ಒಂದು ಕಡೆ ತಣ್ಣಗೆ ತಾಗಿತು. ಒಂದು ಹನಿ ನೀರು.

ಆಗ ಅವನಿಗೆ ನೆನಪಾಯಿತು. ನಲ್ಲಿ. ಮದುವೆಯ ಫಿಲ್ಮು. ಕೊಡವಿದ್ದು. ‘ತಗೋ, ಬೇಗ.’

ಕತ್ತಲಲ್ಲಿ ಅವನು ಹಾಗೇ ಕೂತುಬಿಟ್ಟ. ಕೈಯಲ್ಲಿ ಬಿಚ್ಚಿದ ಫಿಲ್ಮು. ಬಾಗಿಲು ತೆಗೆಯುವ ಹಾಗಿಲ್ಲ, ತೆಗೆದರೆ ಅವಳ ಮುಖ ಹೋಗುತ್ತದೆ. ಒರೆಸಲು ಏನಾದರೂ ಸಿಗುತ್ತದೆಯೇ ಎಂದು ಪಕ್ಕದ ಗೋಡೆ ತಡಕಿದ. ಮೊಳೆಗೆ ನೇತುಬಿದ್ದ ಬಟ್ಟೆ ಸಿಕ್ಕಿತು. ಬೆಳಕಿನಲ್ಲಿ ಅದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದ. ಒಗೆದು ಒಗೆದು ಬಣ್ಣಗೆಟ್ಟ ಚಿಂದಿ, ಅಷ್ಟೇ. ಕತ್ತಲಲ್ಲಿ ಈಗ ಮೊದಲ ಸಲ ಬೆರಳಿನಿಂದ ಮುಟ್ಟಿದ. ಒಂದು ಕಡೆ ಗಲ್ಲಕ್ಕೆ ಕಟ್ಟುವ ಲಾಡಿ ಸಿಕ್ಕಿತು. ಇನ್ನೊಂದು ಕಡೆ ಇನ್ನೊಂದು ಲಾಡಿ. ನಡುವೆ ಒಂದು ಪುಟ್ಟ ತಲೆಯಷ್ಟು ಗುಂಡಗೆ.

ಮಗುವಿನ ಕುಲಾವಿ.

ಎದೆಯ ಆಳದಿಂದ ಅಳು ಬಂತು. ಅಳುವ ಹಾಗಿಲ್ಲ. ಒಂದು ಹನಿ ಬಿದ್ದರೂ ಅಲ್ಲಿ ಮತ್ತೆ ಅಂಟಿಕೊಳ್ಳುತ್ತದೆ. ಹಲ್ಲು ಕಚ್ಚಿ, ಉಸಿರು ಕಟ್ಟಿ ತಡೆದುಕೊಂಡ. ಮಗು ಸತ್ತ ತಾಯಿ ಆ ದಿನ ಅದೇ ಮಣೆಯ ಮೇಲೆ, ಅದೇ ಕತ್ತಲಲ್ಲಿ, ಒಂದು ಹನಿಯನ್ನೂ ಬೀಳಿಸದೆ ಹೇಗೆ ಕೂತಿದ್ದಳೆಂದು ಅವನಿಗೆ ಆಗ ತಿಳಿಯಿತು. ಅವಳು ನಿಜವನ್ನೇ ಹೇಳಿದ್ದಳು. ಅತ್ತಿರಲಿಲ್ಲ.

ಕುಲಾವಿಯ ಅಂಚನ್ನು ಸಂದಿನೊಳಗೆ ತೂರಿಸಿ ಸುತ್ತು ಸುತ್ತಾಗಿ ಒರೆಸಿದ. ಮತ್ತೆ ಒರೆಸಿದ. ಫಿಲ್ಮು ತೂರಿಸಿದ. ಈ ಸಲ ಹಿಡಿಯಲಿಲ್ಲ. ಕೊನೆಯವರೆಗೆ ಹೋಯಿತು. ಡಬ್ಬಿಯ ಮುಚ್ಚಳ ಬಿಗಿದು, ಅವಳ ಹಾಗೆಯೇ, ಹೊರಗಿನಿಂದ ಯಾರೋ ಕೇಳಿದರೆಂಬಂತೆ ‘ಆಯಿತು’ ಎಂದ. ತಾನೇ ಎದ್ದು ಬಾಗಿಲು ತೆಗೆದುಕೊಂಡ.

ಫೋಟೋ ಚೊಕ್ಕವಾಗಿ ಬಂತು. ಒಂದು ಕಲೆಯಿಲ್ಲ. ಕಲ್ಲಿನ ಮೇಲೆ ಕೂತ ಸರ್ವಮಂಗಳ, ಮುಖದ ಮೇಲೆ ಬಿಸಿಲು, ಮಡಿಲಲ್ಲಿ ಚಕ್ರ, ಕೈಯಲ್ಲಿ ಕುಲಾವಿ. ತೆಗೆಯುವಾಗ ಅವನ ಕಣ್ಣಿಗೆ ಬೆಳಕು ಮಾತ್ರ ಕಂಡಿತ್ತು.

ಅವನು ಅದನ್ನು ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿದ. ಆಮೇಲೆ ಒಂದು ಕೆಲಸಕ್ಕೆ ಹೊರಟ. ಇಷ್ಟು ವರ್ಷ ಯಾರ ಯಾರ ಮುಂದೆ ಅವಳನ್ನು ಕ್ಷಮಿಸಿದ್ದನೋ ಅವರ ಮನೆ ಬಾಗಿಲಿಗೆಲ್ಲ ಹೋದ. ನೆಂಟರು, ನೆರೆಯವರು, ಹಳೇ ಗಿರಾಕಿಗಳು, ಒಬ್ಬರನ್ನೂ ಬಿಡಲಿಲ್ಲ. ‘ತಪ್ಪು ಅವಳದಲ್ಲ. ಒದ್ದೆ ಚಕ್ರ ಕೊಟ್ಟವನು ನಾನು. ಅವಳ ಕೈ ನಡುಗಿರಲಿಲ್ಲ’ ಎಂದು ಕೈಮುಗಿದು ಹೇಳಿದ.

ಜನ ಕೇಳಿದರು. ಕಣ್ಣಲ್ಲಿ ನೀರು ತಂದುಕೊಂಡರು. ‘ಅಬ್ಬಾ, ಎಂಥ ದೊಡ್ಡ ಮನಸ್ಸು! ಹೆಂಡತಿ ಸತ್ತ ಮೇಲೂ ಅವಳ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಾನಲ್ಲ’ ಎಂದರು. ಅವನು ಅಲ್ಲ ಅಲ್ಲ ಎಂದಷ್ಟೂ ಅವರು ಹೊಗಳಿದರು. ಒಬ್ಬರೂ ನಂಬಲಿಲ್ಲ. ಆ ಊರಿನಲ್ಲಿ ಇವತ್ತಿಗೂ ಸರ್ವಮಂಗಳ ಎಂದರೆ ಮಗುವಿನ ಫೋಟೋ ಕೆಡಿಸಿದವಳು. ಅವನೆಂದರೆ ಕ್ಷಮಿಸಿದವನು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯ ವಸ್ತ್ರದ ತುದಿಯಿಂದ ಮೂಗೊರೆಸಿಕೊಂಡ. ಅವನಿಗೆ ಆ ಹೆಂಗಸಿನ ಮೇಲೆ ಮರುಕ ಬಂದಿತ್ತು. ಸ್ವಲ್ಪ ಸಿಟ್ಟೂ ಬಂದಿತ್ತು.

“ಅಲ್ಲ ಬುದ್ಧಿ, ಅವಳಾದರೂ ಒಂದು ಮಾತು ಬಾಯಿಬಿಟ್ಟು ಹೇಳಬಹುದಿತ್ತಲ್ಲ?”

“ಹೇಳಹೊರಟಳು. ಅವನು ಅದನ್ನೂ ಕ್ಷಮಿಸಿದ.”

ಅಡುಗೆಮನೆಯಲ್ಲಿ ಈರಮ್ಮ ಸಂಜೆಯ ಒಲೆ ಹಚ್ಚಲು ಕೂತಿದ್ದಳು. ಊದುಗೊಳವೆಯ ಸದ್ದು ಕೇಳಿತು, ಅದರ ಹಿಂದೆಯೇ ಅವಳ ಕೆಮ್ಮು. ದಟ್ಟ ಹೊಗೆ ಬಾಗಿಲು ದಾಟಿ ಜಗಲಿಯವರೆಗೂ ಬಂತು. ಗುರುಗಳು ಕೈಚಾಚಿ ಶಿಷ್ಯನ ಹೆಗಲ ವಸ್ತ್ರದಿಂದ ತೊಗಟೆಯ ಚೂರೊಂದನ್ನು ಬಿಡಿಸಿ ಅವನ ಅಂಗೈಯಲ್ಲಿಟ್ಟರು.

“ಬೆಳಿಗ್ಗೆ ನೀನು ಅವಳಿಗೆ ಹಾಕಿಕೊಟ್ಟ ಸೌದೆ ಒಣಗಿತ್ತೇನಪ್ಪ, ಮರುಳಯ್ಯ?”